ಹಳೆ ಓಮ್ನಿಯ ಟಕ್ ಟಕ್: ಎಂಜಿನ್ ಬಿಚ್ಚುವ ಮೊದಲು ಕಿವಿ ಕೊಡಿ

ಪ್ರಶ್ನೆ: ನಾನು ಬದಿಯಡ್ಕ ಕಡೆಯ ನಿವೃತ್ತ ಮಾಷ್ಟ್ರು. ಮನೆಯಲ್ಲಿ 1998ರ ಮಾರುತಿ ಓಮ್ನಿ ಇದೆ, ಕಾರ್ಬುರೇಟರ್ ಇರುವಂಥದ್ದು. ದಿನಾ ಬೆಳಿಗ್ಗೆ ಎರಡು ಕಿಲೋಮೀಟರ್ ದೂರದ ಹಾಲಿನ ಸೊಸೈಟಿಗೆ ಹೋಗಿ ಬರುವುದು, ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದು, ಅಪರೂಪಕ್ಕೆ ಅಡಿಕೆ ಹಾಕಿಕೊಂಡು ಹೋಗುವುದು, ಇಷ್ಟೇ ಅದರ ಓಟ. ಈ ಮಳೆಗಾಲ ಶುರುವಾದಲ್ಲಿಂದ ಎಂಜಿನ್‌ನಿಂದ ಟಕ್ ಟಕ್ ಅಂತ ಬಡಿಯುವ ಶಬ್ದ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರು, ಸ್ವಲ್ಪ ಓಡಿದ ಮೇಲೆ ಕಡಿಮೆ. ಆದರೆ ಕಾಸರಗೋಡು ಪೇಟೆಗೆ ಹೋಗಿ ಬಂದು ಅಂಗಳದಲ್ಲಿ ನಿಲ್ಲಿಸಿದಾಗ ಮತ್ತೆ ಕೇಳುತ್ತದೆ. ಎರಡು ಸಲ ಟ್ಯಾಪೆಟ್ ಸೆಟ್ ಮಾಡಿಸಿದೆ. ಹತ್ತು ದಿನ ಸುಮ್ಮನಿದ್ದು ಮತ್ತೆ ಶುರು. ಒಬ್ಬರು ದಪ್ಪ ಆಯಿಲ್ ಹಾಕಿ ಅಂದರು, ಇನ್ನೊಬ್ಬರು ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಬೇಕು ಅಂದರು, ಮೂರನೆಯವರು ಬೇರಿಂಗ್ ಹೋಗಿದೆ, ಎಂಜಿನ್ ಪೂರ್ತಿ ಇಳಿಸಬೇಕು ಅಂದರು. ಯಾರನ್ನು ನಂಬಲಿ?

ಉತ್ತರ: ನಮಸ್ಕಾರ ಮಾಷ್ಟ್ರೇ. ಮೊದಲು ಒಂದು ಮಾತು. ಎಂಜಿನ್ ಇಳಿಸಲು ಈಗಲೇ ಒಪ್ಪಬೇಡಿ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೇರಿಂಗ್ ಹೋದ ಗಾಡಿಯ ಲಕ್ಷಣ ಇದರಲ್ಲಿ ನನಗೆ ಕಾಣುವುದಿಲ್ಲ.

ಮೂರು ಮಂದಿ ಮೂರು ಮಾತು ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೂವರೂ ಸುಳ್ಳು ಹೇಳಿರಲಿಕ್ಕಿಲ್ಲ. ಒಬ್ಬರು ಬೆಳಿಗ್ಗೆ ತಣ್ಣಗಿದ್ದಾಗ ಕೇಳಿರಬೇಕು, ಇನ್ನೊಬ್ಬರು ಮಧ್ಯಾಹ್ನ ಬಿಸಿಯಾಗಿದ್ದಾಗ. ಶಬ್ದ ಎಷ್ಟು ಜೋರು ಅನ್ನುವುದು ನನಗೆ ಅಷ್ಟು ಮುಖ್ಯ ಅಲ್ಲ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ, ಇದು ಮುಖ್ಯ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಸ್ಪ್ಯಾನರ್ ಹಿಡಿಯದೆಯೇ ಮುಗಿಯುತ್ತದೆ.

ನಿಮ್ಮ ಗಾಡಿಯ ವಿಷಯಕ್ಕೆ ಬರೋಣ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, ಆಮೇಲೆ ಓಮ್ನಿ ಆಗಿ, 2019ರವರೆಗೂ ತಯಾರಾದ ಗಾಡಿ ಇದು. 796 ಸಿಸಿ, ಮೂರು ಸಿಲಿಂಡರ್, ಆರು ವಾಲ್ವ್. ಮಾರುತಿ 800 ಕಾರಿನ ಎಂಜಿನ್ನೇ ಇದರಲ್ಲೂ ಇರುವುದು. ಕಾರಿನಲ್ಲಿ ಎಂಜಿನ್ ಮುಂದೆ ಬಾನೆಟ್ ಒಳಗೆ ಇರುತ್ತದೆ, ಓಮ್ನಿಯಲ್ಲಿ ನೀವು ಕೂರುವ ಸೀಟಿನ ಅಡಿಯಲ್ಲಿ. ಹಾಗಾಗಿ ಕಾರಿನಲ್ಲಿ ಕೇಳದ ಶಬ್ದವೂ ಓಮ್ನಿಯಲ್ಲಿ ಕಿವಿಗೆ ಬಡಿಯುತ್ತದೆ. ಸಿಲಿಂಡರಿಗೆ ಗಾಳಿ, ಪೆಟ್ರೋಲ್ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲೇ ವಾಲ್ವ್. ಉಬ್ಬುಗಳಿರುವ ಕ್ಯಾಮ್ ಶಾಫ್ಟ್ ತಿರುಗುತ್ತಾ ರಾಕರ್ ಅನ್ನುವ ಸಣ್ಣ ತೋಳನ್ನು ಒತ್ತುತ್ತದೆ, ರಾಕರ್ ತುದಿಯ ಸ್ಕ್ರೂ ವಾಲ್ವನ್ನು ಒತ್ತಿ ತೆರೆಯುತ್ತದೆ. ಆ ಸ್ಕ್ರೂವಿಗೂ ವಾಲ್ವಿಗೂ ನಡುವಿನ ಸಣ್ಣ ಸಂದಿಯೇ ವಾಲ್ವ್ ಗ್ಯಾಪ್, ಅದನ್ನೇ ಟ್ಯಾಪೆಟ್ ಗ್ಯಾಪ್ ಅನ್ನುವುದು. ಈ ಎಂಜಿನ್‌ನಲ್ಲಿ ಅದನ್ನು ಸ್ಕ್ರೂ ತಿರುಗಿಸಿ ಕೈಯಲ್ಲೇ ಸೆಟ್ ಮಾಡಬೇಕು. ಈಗಿನ ಎಷ್ಟೋ ಕಾರುಗಳಂತೆ ಆಯಿಲ್ ಒತ್ತಡದಲ್ಲಿ ತಾನೇ ಸರಿಯಾಗುವ ವ್ಯವಸ್ಥೆ ಇದರಲ್ಲಿಲ್ಲ. ಆದ್ದರಿಂದ ಹೊಲಿಗೆ ಮೆಷಿನ್‌ನಂಥ ಸಣ್ಣ ಟಿಕ್ ಟಿಕ್ ಆರೋಗ್ಯವಾಗಿರುವ ಓಮ್ನಿಯಲ್ಲೂ ಇದ್ದೇ ಇರುತ್ತದೆ. ಅದನ್ನು ಪೂರ್ತಿ ಇಲ್ಲವಾಗಿಸಲು ಯಾರಿಗೂ ಹೇಳಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು 'ಹತ್ತು ದಿನ'. ಸೆಟ್ ಮಾಡಿದರೆ ಹತ್ತು ದಿನ ಸುಮ್ಮನೆ, ಆಮೇಲೆ ಮತ್ತೆ ಶಬ್ದ. ಅದೂ ಎರಡು ಸಲ. ಟ್ಯಾಪೆಟ್ ಗ್ಯಾಪ್ ಅಷ್ಟು ಬೇಗ ಹೆಚ್ಚಾಗುವ ವಸ್ತು ಅಲ್ಲ. ಎಂಜಿನ್ ತಣ್ಣಗಿದ್ದಾಗ ಇದರ ಗ್ಯಾಪ್ ಸುಮಾರು 0.15 ಮಿಲಿಮೀಟರ್. ನೀವು ಪರೀಕ್ಷೆಗೆ ಕೊಡುತ್ತಿದ್ದ ಬಿಳಿ ಹಾಳೆ ಇದೆಯಲ್ಲ, ಅದರ ಒಂದೂವರೆ ಹಾಳೆಯ ದಪ್ಪ. ಸರಿಯಾಗಿ ಸೆಟ್ ಮಾಡಿದರೆ ಸಾವಿರಾರು ಕಿಲೋಮೀಟರ್ ಹಾಗೇ ನಿಲ್ಲಬೇಕು. ಹತ್ತು ದಿನದಲ್ಲಿ, ಅಂದರೆ ನಿಮ್ಮ ಓಟದಲ್ಲಿ ನೂರಿನ್ನೂರು ಕಿಲೋಮೀಟರಿನಲ್ಲಿ, ಅದು ಹೆಚ್ಚಾಗಬೇಕಾದರೆ ಎರಡೇ ದಾರಿ. ಒಂದೋ ಸ್ಕ್ರೂ ತಾನಾಗಿ ಸಡಿಲ ಆಗುತ್ತಿದೆ, ಇಲ್ಲವೋ ಕಬ್ಬಿಣ ಎಲ್ಲೋ ಸವೆಯುತ್ತಿದೆ. ಸ್ಕ್ರೂ ಸಡಿಲ ಆಗುವುದಾದರೆ ಅದನ್ನು ಬಿಗಿದು ಹಿಡಿಯುವ ಲಾಕ್ ನಟ್ ಅಥವಾ ಅದರ ಥ್ರೆಡ್ ಹೋಗಿದೆ. ಹೊಸ ಸ್ಕ್ರೂ, ಹೊಸ ನಟ್ ಹಾಕಿದರೆ ಮುಗಿಯಿತು. ಕಬ್ಬಿಣ ಸವೆಯುವುದಾದರೆ ಅಲ್ಲಿಗೆ ಆಯಿಲ್ ಸರಿಯಾಗಿ ಹೋಗುತ್ತಿಲ್ಲ. ನನ್ನ ಅನುಮಾನ ಹೆಚ್ಚು ಇರುವುದು ಈ ಎರಡನೆಯದರ ಮೇಲೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇದನ್ನು ನಾನು ಕಲಿತದ್ದು ಪೆರ್ಲ ಕಡೆಯ ಒಂದು ವ್ಯಾನಿನಿಂದ. ವರ್ಷಗಳ ಹಿಂದೆ ನನ್ನ ಹತ್ತಿರ ಬಂದಿತ್ತು. ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಾಕಿ ಆರೂ ವಾಲ್ವ್ ನೋಡಿದೆ. ಎಲ್ಲ ಸರಿಯಾಗಿತ್ತು. ಆದರೂ ಟಕ್ ಟಕ್ ನಿಲ್ಲಲಿಲ್ಲ. ಮತ್ತೆ ನೋಡಿದೆ, ಮತ್ತೆ ಸರಿ. ಕೊನೆಗೆ ಎರಡನೇ ಸಿಲಿಂಡರಿನ ಸ್ಕ್ರೂ ಒಂದನ್ನು ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದೆ. ಅದರ ತುದಿ ನುಣುಪಾಗಿ ಸ್ವಲ್ಪ ಉಬ್ಬಿಕೊಂಡು ಇರಬೇಕು. ಅಲ್ಲಿ ನಡುವೆ ಗುಳಿ ಬಿದ್ದಿತ್ತು. ವಾಲ್ವಿನ ಕಾಂಡದ ತಲೆ ಆ ಗುಳಿಯೊಳಗೆ ಹೋಗಿ ಬಡಿಯುತ್ತಿತ್ತು. ಫೀಲರ್ ಗೇಜ್ ಅಂದರೆ ಚಪ್ಪಟೆ ತಗಡು. ಅದು ಗುಳಿಯ ಎರಡು ಅಂಚಿನ ಮೇಲೆ ಸೇತುವೆಯ ಹಾಗೆ ಕೂರುತ್ತದೆ. ಅಂಚಿನಿಂದ ಅಳೆದರೆ 0.15, ಗುಳಿಯ ತಳದಿಂದ ಅಳೆದರೆ ಅದರ ಎರಡರಷ್ಟು. ಗೇಜ್ ಸರಿ ಹೇಳುತ್ತದೆ, ಎಂಜಿನ್ ಬಡಿಯುತ್ತಲೇ ಇರುತ್ತದೆ. ಆ ಸ್ಕ್ರೂ ಬದಲಿಸಿದ ಮೇಲೆ ಆ ವ್ಯಾನ್ ಸುಮ್ಮನಾಯಿತು. ನಾನು ಎರಡು ದಿನ ಹಾಳು ಮಾಡಿದ್ದು ಗೇಜನ್ನು ನಂಬಿ, ಸ್ಕ್ರೂವಿನ ತುದಿ ನೋಡದೆ.

ಹಾಗಾಗಿ ಮುಂದಿನ ಸಲ ರಾಕರ್‌ಗಳ ಮೇಲಿನ ಮುಚ್ಚಳ, ಟ್ಯಾಪೆಟ್ ಕವರ್, ತೆಗೆದಾಗ ನಿಮ್ಮ ಮೆಕ್ಯಾನಿಕ್‌ಗೆ ಬರೀ ಸೆಟ್ ಮಾಡಲು ಹೇಳಬೇಡಿ. ಆರೂ ಸ್ಕ್ರೂಗಳ ತುದಿ ನೋಡಲು ಹೇಳಿ. ಕ್ಯಾಮ್ ಶಾಫ್ಟ್‌ನ ಉಬ್ಬುಗಳ ಮೇಲೆ ಬೆರಳು ಆಡಿಸಲು ಹೇಳಿ. ಕನ್ನಡಿಯಂತೆ ನುಣುಪಾಗಿರಬೇಕು. ಉಗುರಿಗೆ ತಾಗುವ ಗೀರು, ಸಣ್ಣ ಸಣ್ಣ ಚುಕ್ಕೆಯಂಥ ಗುಳಿ ಇದ್ದರೆ ಮೇಲಿನ ಗಟ್ಟಿ ಪದರ ಹೋಗಿದೆ ಅಂತ ಅರ್ಥ. ಆ ಪದರ ಹೋದ ಮೇಲೆ ಕ್ಯಾಮ್ ಬಹಳ ಬೇಗ ಸವೆಯುತ್ತದೆ. ರಾಕರ್ ಆರ್ಮನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ವಾಲ್ವ್ ಗ್ಯಾಪ್‌ನ ಸಣ್ಣ ಆಟ ಇರುತ್ತದೆ, ಅದು ಸರಿ. ಆದರೆ ಶಾಫ್ಟ್ ಮೇಲೆಯೇ ರಾಕರ್ ಲೊಡ ಲೊಡ ಅಂದರೆ ಒಳಗಿನ ತೂತು ಸವೆದಿದೆ. ಈ ಮೂರೂ ನೋಡಲು ಅರ್ಧ ಗಂಟೆ ಸಾಕು. ಹೆಡ್ ಬಿಚ್ಚುವುದು ಬೇಡ.

ಈಗ ಆಯಿಲ್ ಯಾಕೆ ಹೋಗುತ್ತಿಲ್ಲ ಅನ್ನುವ ಮಾತು. ಇದಕ್ಕೆ ಉತ್ತರವನ್ನು ನೀವೇ ಬರೆದಿದ್ದೀರಿ. ದಿನಾ ಎರಡು ಕಿಲೋಮೀಟರ್ ಹಾಲಿನ ಸೊಸೈಟಿ. ಅಲ್ಲಿ ಎಂಜಿನ್ ಆಫ್. ಮತ್ತೆ ಎರಡು ಕಿಲೋಮೀಟರ್ ಮನೆಗೆ. ಎಂಜಿನ್ ಸರಿಯಾಗಿ ಬಿಸಿ ಆಗುವ ಮೊದಲೇ ಓಟ ಮುಗಿಯಿತು. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ಇರುವಲ್ಲಿಗೆ ಬರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಆ ಆವಿ ಹೊರಗೆ ಹೋಗುತ್ತದೆ. ಬಿಸಿ ಆಗದಿದ್ದರೆ ಅಲ್ಲೇ ನೀರಾಗಿ ಆಯಿಲ್‌ಗೆ ಸೇರಿಕೊಳ್ಳುತ್ತದೆ. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಎಂಜಿನ್ ಒಣಗುವುದೆಲ್ಲಿಂದ! ಹೀಗೆ ನೀರು ಸೇರಿದ ಆಯಿಲ್ ದಿನ ಕಳೆದಂತೆ ಕೆಸರಾಗುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಬದಿ ನೋಡಿ. ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ಬೆಣ್ಣೆಯಂಥದ್ದು ಅಂಟಿಕೊಂಡಿದ್ದರೆ ನಾನು ಹೇಳುವುದು ಅದನ್ನೇ.

ಆ ಬೆಣ್ಣೆ ಮುಚ್ಚಳದಲ್ಲಿ ಮಾತ್ರ ಇದ್ದು, ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಆಯಿಲಿನ ಬಣ್ಣದಲ್ಲೇ ಇದ್ದರೆ ಹೆದರಬೇಡಿ, ಅದು ಬರೀ ತೇವ. ಡಿಪ್ ಸ್ಟಿಕ್‌ನಲ್ಲೂ ಕಾಫಿ ಬಣ್ಣ ಇದ್ದು, ರೇಡಿಯೇಟರ್ ನೀರು ಕಡಿಮೆ ಆಗುತ್ತಿದ್ದರೆ ಅದು ಬೇರೆ ಕಥೆ. ಹೆಡ್ಡಿನ ಅಡಿಯ ಪದರ, ಹೆಡ್ ಗ್ಯಾಸ್ಕೆಟ್, ಹೋಗಿರಬಹುದು. ಹಾಗಿದ್ದರೆ ಗಾಡಿ ಓಡಿಸಬೇಡಿ.

ಈ ಕೆಸರು ಮೊದಲು ತೊಂದರೆ ಕೊಡುವುದು ಮೇಲೆ, ರಾಕರ್ ಇರುವಲ್ಲಿ. ಆಯಿಲ್ ಪಂಪ್ ಕೆಳಗೆ, ರಾಕರ್ ಎಲ್ಲಕ್ಕಿಂತ ಮೇಲೆ. ನಮ್ಮ ಕಡೆ ಗುಡ್ಡದ ಮೇಲಿನ ಮನೆಗೆ ಕೊನೆಗೆ ನೀರು ಸಿಗುತ್ತದಲ್ಲ, ಹಾಗೆ. ರಾಕರ್ ಶಾಫ್ಟ್ ಒಳಗೆ ಟೊಳ್ಳಾಗಿದೆ, ಅದರಲ್ಲಿ ಆಯಿಲ್ ಬಂದು ಸಣ್ಣ ತೂತುಗಳಿಂದ ಪ್ರತಿ ರಾಕರ್‌ಗೆ ಹೋಗಬೇಕು. ಆ ತೂತಿಗೆ ಕೆಸರು ಕಟ್ಟಿದರೆ ಅಡಿಕೆ ತೋಟದ ಸ್ಪ್ರಿಂಕ್ಲರ್ ಮೂಗಿಗೆ ಕಸ ಸಿಕ್ಕಿಕೊಂಡಂತೆ. ಒಂದು ಕಡೆ ನೀರು ಬೀಳುತ್ತದೆ, ಪಕ್ಕದ್ದು ಒಣಗುತ್ತದೆ. ಟ್ಯಾಪೆಟ್ ಕವರ್ ತೆಗೆದಿರುವಾಗಲೇ ಇದನ್ನು ನೋಡಬಹುದು. ಎಂಜಿನ್ ಸ್ಟಾರ್ಟ್ ಆಗದ ಹಾಗೆ ಇಗ್ನಿಷನ್ ಕಾಯಿಲ್‌ನಿಂದ ಬರುವ ವಯರ್ ತೆಗೆದು ಎಂಜಿನ್ ಬಾಡಿಗೆ ತಾಗಿಸಿಟ್ಟು, ಸ್ಟಾರ್ಟರ್‌ನಿಂದ ಸ್ವಲ್ಪ ಹೊತ್ತು, ಬಿಟ್ಟು ಬಿಟ್ಟು ತಿರುಗಿಸಬೇಕು. ಆರೂ ರಾಕರ್‌ಗಳ ಬುಡದಲ್ಲಿ ಆಯಿಲ್ ಜಿನುಗಬೇಕು. ಐದು ಒದ್ದೆಯಾಗಿ ಒಂದು ಒಣಗಿದ್ದರೆ ಟಕ್ ಟಕ್ ಎಲ್ಲಿಂದ ಅಂತ ಕೇಳುವುದೇ ಬೇಡ.

ಇನ್ನೊಂದು ಕಾರಣವನ್ನು ಕಾರ್ಬುರೇಟರ್ ಓಮ್ನಿಯಲ್ಲಿ ಮರೆಯಬಾರದು. ಇದರಲ್ಲಿ ಪೆಟ್ರೋಲ್ ಪಂಪ್ ಕ್ಯಾಮ್ ಶಾಫ್ಟ್‌ನಿಂದಲೇ ಓಡುತ್ತದೆ. ಅದರೊಳಗೆ ಒಂದು ರಬ್ಬರ್ ಪೊರೆ ಇದೆ. ಅದು ಹರಿದರೆ ಪೆಟ್ರೋಲ್ ಸೋರಿ ಆಯಿಲ್‌ಗೆ ಸೇರಬಹುದು. ಆಯಿಲ್ ತೆಳುವಾಗುತ್ತದೆ. ತಣ್ಣಗಿದ್ದಾಗ ಹೇಗೋ ನಡೆಯುತ್ತದೆ, ಬಿಸಿಯಾದ ಮೇಲೆ ಒತ್ತಡವೇ ಇರುವುದಿಲ್ಲ. ಪೇಟೆಗೆ ಹೋಗಿ ಬಂದ ಮೇಲೆ ನಿಮ್ಮ ಅಂಗಳದಲ್ಲಿ ಶಬ್ದ ಮತ್ತೆ ಕೇಳುವುದಕ್ಕೆ ಇದೂ ಕಾರಣ ಇರಬಹುದು. ಪರೀಕ್ಷೆ ಸುಲಭ. ಡಿಪ್ ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದು, ಆಯಿಲ್ ಮಟ್ಟ ಕಡಿಮೆ ಆಗುವ ಬದಲು ಮೇಲೇರಿದ್ದರೆ ಮೊದಲು ಪಂಪ್ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಅಲ್ಲಿವರೆಗೆ ಓಡಿಸಬೇಡಿ.

ಇನ್ನು ನೀವೇ ಮಾಡಬಹುದಾದ ಕೆಲಸ. ಭಾನುವಾರ ಬೆಳಿಗ್ಗೆ, ರಾತ್ರಿಯಿಡೀ ನಿಂತ ಎಂಜಿನ್. ಗಾಡಿ ಅಂಗಳದಲ್ಲೇ ಇರಲಿ, ಶೆಡ್ಡಿನೊಳಗೆ ಬೇಡ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಸೀಟ್ ಎತ್ತಿ. ಪಂಚೆಯ ತುದಿ, ಹೆಗಲಿನ ಬೈರಾಸು ಬೆಲ್ಟ್ ಹತ್ತಿರ ಹೋಗದ ಹಾಗೆ ಕಟ್ಟಿಕೊಳ್ಳಿ, ಸಾಧ್ಯವಾದರೆ ಪ್ಯಾಂಟ್ ಹಾಕಿಕೊಳ್ಳಿ. ಎರಡು ಸಾಮಾನು ಬೇಕು. ಒಂದು ಉದ್ದದ ಸ್ಕ್ರೂ ಡ್ರೈವರ್. ಇನ್ನೊಂದು, ತೋಟದಲ್ಲಿ ಬಿದ್ದಿರುವ ಡ್ರಿಪ್ ಪೈಪಿನ ಒಂದು ಮೀಟರ್ ತುಂಡು. ಸ್ಕ್ರೂ ಡ್ರೈವರ್ ಕಬ್ಬಿಣದೊಳಗಿನ ಶಬ್ದ ಹೇಳುತ್ತದೆ, ಪೈಪು ಗಾಳಿಯ ಶಬ್ದ ಹೇಳುತ್ತದೆ. ಎರಡರ ಕೆಲಸ ಬೇರೆ ಬೇರೆ.

ಸ್ಟಾರ್ಟ್ ಮಾಡಿ, ಮೊದಲು ಏನನ್ನೂ ಮುಟ್ಟದೆ ಒಂದು ನಿಮಿಷ ಸುಮ್ಮನೆ ಕೇಳಿ. ಎಂಜಿನ್ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 900 ಸುತ್ತು ಅಂತ ಇಟ್ಟುಕೊಳ್ಳಿ. ಅಂದರೆ ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ಶಾಫ್ಟ್, ಕ್ರ್ಯಾಂಕ್, ಸೆಕೆಂಡಿಗೆ 15 ಸುತ್ತು. ಕ್ಯಾಮ್ ಶಾಫ್ಟ್ ಅದರ ಅರ್ಧ, ಏಳೂವರೆ ಸುತ್ತು. ಒಂದು ವಾಲ್ವಿನ ಟ್ಯಾಪೆಟ್ ಬಡಿದರೆ ಸೆಕೆಂಡಿಗೆ ಏಳೆಂಟು ಸಲ ಮಾತ್ರ ಬಡಿಯುತ್ತದೆ. ಬೇರಿಂಗ್ ಬಡಿತ ಸಾಮಾನ್ಯವಾಗಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಬರುತ್ತದೆ, ಹದಿನೈದು. ಎಣಿಸಲು ಕಷ್ಟ, ಆದರೆ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ವಿಳಂಬದ ಚೆಂಡೆ ಯಾವುದು, ದುಪ್ಪಟ್ಟು ವೇಗದ್ದು ಯಾವುದು ಅಂತ ಹೇಳಿಕೊಡಬೇಕಾ? ಎಂಜಿನ್ ಓಡುವ ವೇಗಕ್ಕಿಂತ ನಿಧಾನಕ್ಕೆ, ಸೋಮಾರಿಯಂತೆ ಬಡಿದರೆ ಅದು ಮೇಲಿನ, ಕ್ಯಾಮ್ ಕಡೆಯ ಶಬ್ದ. ವರ್ಕ್‌ಶಾಪಿನಲ್ಲಿ ಟೈಮಿಂಗ್ ಲೈಟ್ ಇದ್ದರೆ ಇನ್ನೂ ಸುಲಭ. ಒಂದನೇ ಪ್ಲಗ್‌ನ ವಯರಿಗೆ ಹಾಕಿದರೆ ಎರಡು ಸುತ್ತಿಗೆ ಒಂದು ಸಲ ಮಿನುಗುತ್ತದೆ. ಮಿನುಗಿದ್ದಕ್ಕೂ ಬಡಿದದ್ದಕ್ಕೂ ತಾಳ ಕೂಡಿದರೆ ಅದು ಕ್ಯಾಮ್ ವೇಗದ ಶಬ್ದವೇ.

ಆಮೇಲೆ ಸ್ಕ್ರೂ ಡ್ರೈವರ್ ತುದಿಯನ್ನು ಟ್ಯಾಪೆಟ್ ಕವರ್ ಮೇಲೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿ. ಒಂದೊಂದು ಸಿಲಿಂಡರಿನ ಮೇಲೂ ಇಟ್ಟು ನೋಡಿ. ಎಲ್ಲಿ ಚೂಪಾಗಿ ಕೇಳುತ್ತದೋ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪೆಟ್ರೋಲ್ ಪಂಪ್ ಮೇಲೂ ಇಡಿ. ಅದು ಕೂಡ ಕ್ಯಾಮ್ ವೇಗದಲ್ಲೇ ಬಡಿಯುವ ಕಾರಣ ಎಷ್ಟೋ ಸಲ ಟ್ಯಾಪೆಟ್ ಅಂತ ಮೋಸ ಹೋಗುತ್ತೇವೆ. ಟೈಮಿಂಗ್ ಬೆಲ್ಟಿನ ಕವರ್ ಮೇಲೂ ಒಂದು ಸಲ ಕೇಳಿ. ಬೆಲ್ಟಿನ ಅಂಚು ನಾರು ನಾರಾಗಿ ಎದ್ದು ಕವರಿಗೆ ತಾಗಿದರೆ ಪಟ ಪಟ ಅನ್ನುತ್ತದೆ. ಅದನ್ನು ಮುಂದೂಡಬಾರದು.

ಈಗ ಪೈಪು. ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿಯನ್ನು ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ಸಂದಿಯ ಉದ್ದಕ್ಕೆ ಮೆಲ್ಲನೆ ಸರಿಸಿ, ತಾಗಿಸಬೇಡಿ, ಸುಡುತ್ತದೆ. ಇಲ್ಲಿ ಗ್ಯಾಸ್ಕೆಟ್ ಸೋರಿದರೂ ಥೇಟ್ ಟ್ಯಾಪೆಟ್ ತರಹವೇ ಟಿಕ್ ಟಿಕ್ ಕೇಳುತ್ತದೆ. ನಿಮ್ಮ ಬೆಳಗಿನ ಶಬ್ದ ಬಿಸಿಯಾದಂತೆ ಕಡಿಮೆ ಆಗುತ್ತದಲ್ಲ, ಆ ಭಾಗದ ಮಟ್ಟಿಗೆ ನನಗೆ ಇದರ ಮೇಲೂ ಸಂಶಯ. ಯಾಕೆಂದರೆ ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತದೆ. ಟ್ಯಾಪೆಟ್ ಗ್ಯಾಪ್ ಇದಕ್ಕೆ ತದ್ವಿರುದ್ಧ. ಈ ಎಂಜಿನ್‌ನ ಹೆಡ್ ಅಲ್ಯೂಮಿನಿಯಂ, ಬಿಸಿಯಾದಂತೆ ಗ್ಯಾಪ್ ಜಾಸ್ತಿಯೇ ಆಗುತ್ತದೆ. ತಣ್ಣಗಿದ್ದಾಗ 0.15 ಇದ್ದದ್ದು ಬಿಸಿಯಲ್ಲಿ 0.25ರ ಹತ್ತಿರ ಬರುತ್ತದೆ. ಗ್ಯಾಪ್ ಒಂದೇ ಕಾರಣ ಆಗಿದ್ದರೆ ಬಿಸಿಯಾದ ಮೇಲೆ ಶಬ್ದ ಅಡಗಬಾರದಿತ್ತು. ಬೆಳಿಗ್ಗೆ ಒಂದು ಶಬ್ದ, ಮಧ್ಯಾಹ್ನ ಇನ್ನೊಂದು ಶಬ್ದ, ಎರಡನ್ನೂ ನಾವು ಒಂದೇ ಅಂದುಕೊಂಡಿರುವ ಸಾಧ್ಯತೆ ಇದೆ. ಅಥವಾ ಬೆಳಿಗ್ಗೆ ಆಯಿಲ್ ಮೇಲೆ ತಲುಪಲು ತಡವಾಗುತ್ತಿದೆ. ಅದು ಹತ್ತು ಹದಿನೈದು ಸೆಕೆಂಡಿನಲ್ಲಿ ಅಡಗಿದರೆ ಆಯಿಲ್ ಅಥವಾ ಫಿಲ್ಟರ್, ಐದು ಹತ್ತು ನಿಮಿಷ ಹಿಡಿದರೆ ಎಕ್ಸಾಸ್ಟ್ ಸಂದಿ ಅಥವಾ ಪಿಸ್ಟನ್ ಸವೆತ. ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ.

ಸೋರಿಕೆ ಖಚಿತ ಮಾಡಲು ಇನ್ನೊಬ್ಬರ ಸಹಾಯ ತೆಗೆದುಕೊಳ್ಳಿ. ಅವರು ದಪ್ಪ ಒದ್ದೆ ಬಟ್ಟೆಯನ್ನು ಸೈಲೆನ್ಸರ್ ಬಾಯಿಗೆ ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಲಿ. ಟಿಕ್ ಟಿಕ್ ತಟ್ಟನೆ ಜೋರಾದರೆ ಹೊಗೆ ಎಲ್ಲೋ ಮಧ್ಯದಲ್ಲಿ ಹೊರಗೆ ಬರುತ್ತಿದೆ. ಎಂಜಿನ್ ಆರಿದ ಮೇಲೆ ಟಾರ್ಚ್ ಹಾಕಿ ನೋಡಿದರೆ ಆ ಜಾಗದಲ್ಲಿ ಮಸಿಯ ಗೆರೆ ಕಾಣುತ್ತದೆ. ಸ್ಪಾರ್ಕ್ ಪ್ಲಗ್ ಸರಿಯಾಗಿ ಬಿಗಿಯಾಗಿಲ್ಲದಿದ್ದರೂ ಹೀಗೇ ಟಿಕ್ ಟಿಕ್ ಬರುತ್ತದೆ, ಮೂರನ್ನೂ ಮುಟ್ಟಿ ನೋಡಲು ಹೇಳಿ.

ಎಕ್ಸಾಸ್ಟ್ ಸೋರಿಕೆಯನ್ನು ಬರೀ ಶಬ್ದದ ತೊಂದರೆ ಅಂತ ದಯವಿಟ್ಟು ಬಿಡಬೇಡಿ. ಓಮ್ನಿಯಲ್ಲಿ ಎಂಜಿನ್ ಇರುವುದು ಜನ ಕೂರುವಲ್ಲೇ. ಸೀಟಿನಡಿಯ ರಬ್ಬರ್ ಹಳೆಯದಾಗಿ ಹೋಗಿರುತ್ತದೆ. ಮಳೆಗೆ ಗಾಜು ಏರಿಸಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತೀರಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳು ವ್ಯಾನಿನಲ್ಲಿ ತಲೆನೋವು, ವಾಕರಿಕೆ, ನಿದ್ದೆ ಅಂದರೆ ತಿಂಡಿ ಸರಿ ಹೋಗಲಿಲ್ಲ ಅಂತ ಸುಮ್ಮನಾಗಬೇಡಿ. ಈ ಪರೀಕ್ಷೆ ಮುಗಿಯುವವರೆಗೆ ಮಕ್ಕಳನ್ನು ಬಸ್ಸಿನಲ್ಲಿ ಕಳಿಸಿ, ನೀವು ಗಾಜು ಇಳಿಸಿ ಓಡಿಸಿ. ಈ ಪತ್ರದಲ್ಲಿ ನಾನು ಒತ್ತಿ ಹೇಳುವ ಮಾತು ಇದು.

ಬೇರಿಂಗ್ ಅಂದವರ ಮಾತನ್ನೂ ಪರೀಕ್ಷಿಸೋಣ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಬಡಿತ ಟಕ್ ಟಕ್ ಅಲ್ಲ, ಡಬ್ ಡಬ್. ಮರದ ಕೊಡತಿಯಲ್ಲಿ ಹೊಡೆದಂತೆ, ಕೆಳಗಿನಿಂದ ಬರುತ್ತದೆ. ಗೇರಿನಲ್ಲಿ ಎಳೆಯುವಾಗ ಜೋರಾಗುತ್ತದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಎದ್ದು ಕೇಳುತ್ತದೆ. ಬಿಸಿಯಾದಷ್ಟೂ ಹೆಚ್ಚುತ್ತದೆ, ತಾನಾಗಿ ಹತ್ತು ದಿನ ರಜೆ ತೆಗೆದುಕೊಳ್ಳುವುದಿಲ್ಲ. ಟ್ಯಾಪೆಟ್ ಸೆಟ್ ಮಾಡಿದರೆ ಅದು ಕಡಿಮೆ ಆಗುವ ಪ್ರಶ್ನೆಯೇ ಇಲ್ಲ. ನಿಮ್ಮದು ಕಡಿಮೆ ಆಯಿತು ಅಲ್ವಾ? ಇನ್ನೂ ಅನುಮಾನ ಇದ್ದರೆ ಮೆಕ್ಯಾನಿಕ್ ಒಂದೊಂದೇ ಪ್ಲಗ್ ವಯರನ್ನು ಇನ್ಸುಲೇಶನ್ ಇರುವ ಪ್ಲಯರ್‌ನಿಂದ ತೆಗೆದು ಎಂಜಿನ್ ಬಾಡಿಗೆ ತಾಗಿಸಿ ನೋಡಲಿ. ಆ ಸಿಲಿಂಡರಿನಲ್ಲಿ ಉರಿ ನಿಂತಾಗ ರಾಡ್ ಮೇಲಿನ ಭಾರ ಇಳಿದು ಬೇರಿಂಗ್ ಶಬ್ದ ಸ್ಪಷ್ಟವಾಗಿ ಕುಗ್ಗುತ್ತದೆ. ಟ್ಯಾಪೆಟ್ ಶಬ್ದ ಹಾಗೇ ಇರುತ್ತದೆ. ನೀವು ಇದನ್ನು ಬರಿಗೈಯಲ್ಲಿ ಮಾಡಲು ಹೋಗಬೇಡಿ, ಶಾಕ್ ಜೋರಾಗಿ ಹೊಡೆಯುತ್ತದೆ. ಜೊತೆಗೆ ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಅಲ್ಲಿ ಗೇಜ್ ಹಾಕಿ, ಬಿಸಿ ಎಂಜಿನ್‌ನಲ್ಲಿ ಒತ್ತಡ ನೋಡಲಿ. ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಅನ್ನುವುದು ವರ್ಕ್‌ಶಾಪಿನ ಹಳೆಯ ಲೆಕ್ಕ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿದೆ ಅಂತ ನಂಬಿ ಕೂರಬಾರದು. ಒತ್ತಡ ಬಹಳ ಕೆಳಗೆ ಬಿದ್ದ ಮೇಲೆಯೇ ಅದು ಹತ್ತುವುದು.

ಪೊಸಡಿಗುಂಪೆಯಂಥ ಏರಿನಲ್ಲಿ ಮೇಲಿನ ಗೇರಿನಲ್ಲಿ ಒತ್ತಿದಾಗ ಮಾತ್ರ ಚಿಲ್ಲರೆ ಅಲ್ಲಾಡಿಸಿದಂಥ ಶಬ್ದ ಬಂದರೆ ಅದು ಇಗ್ನಿಷನ್ ಟೈಮಿಂಗ್ ಅಥವಾ ಸಿಲಿಂಡರಿನೊಳಗೆ ಕಟ್ಟಿದ ಕರಿ. ನೀವು ಅದನ್ನು ಹೇಳಿಲ್ಲ, ಬಿಡೋಣ.

ದಪ್ಪ ಆಯಿಲ್ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಶಬ್ದ ಕೆಲವು ದಿನ ಮುಚ್ಚುತ್ತದೆ ನಿಜ. ಆದರೆ ಬೆಳಿಗ್ಗೆ ತಣ್ಣಗಿದ್ದಾಗ ದಪ್ಪ ಆಯಿಲ್ ಮೇಲಿನ ಆ ಸಣ್ಣ ತೂತುಗಳಿಗೆ ಇನ್ನೂ ತಡವಾಗಿ ತಲುಪುತ್ತದೆ. ನಿಮ್ಮ ಗಾಡಿಯ ಕಾಯಿಲೆಯೇ ಅದು. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡನ್ನೇ ಹಾಕಿ. ಕೆಲವು ಕಡೆ ಎಂಜಿನ್ ತೊಳೆಯುತ್ತೇವೆ ಅಂತ ಸೀಮೆಎಣ್ಣೆ, ಡೀಸೆಲ್ ಹಾಕಿ ಓಡಿಸುತ್ತಾರೆ. ಅದಕ್ಕೂ ಬಿಡಬೇಡಿ. ವರ್ಷಗಳ ಕೆಸರು ಒಮ್ಮೆಲೇ ಎದ್ದು ಬಂದು ಆಯಿಲ್ ಪಂಪಿನ ಜಾಲರಿಗೆ ಕೂತರೆ, ಟ್ಯಾಪೆಟ್ ಶಬ್ದದ ಗಾಡಿ ನಿಜವಾಗಿಯೂ ಬೇರಿಂಗ್ ಹೋದ ಗಾಡಿ ಆಗುತ್ತದೆ. ಅದರ ಬದಲು ಒಳ್ಳೆಯ ಆಯಿಲ್, ಒಳ್ಳೆಯ ಫಿಲ್ಟರ್ ಹಾಕಿ ಸಾವಿರ ಕಿಲೋಮೀಟರಿಗೆ ಒಮ್ಮೆ, ಮತ್ತೆ ಎರಡು ಸಾವಿರಕ್ಕೆ ಒಮ್ಮೆ ಬದಲಿಸಿ. ಕೆಸರು ಮೆಲ್ಲಗೆ ಕರಗಿ ಹೊರಗೆ ಹೋಗಲಿ.

ಟ್ಯಾಪೆಟ್ ಸೆಟ್ಟಿಂಗ್ ಮಾಡುವ ದಿನ ನೀವು ಪಕ್ಕದಲ್ಲೇ ನಿಲ್ಲಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಹಾಗಾಗಿ ಗಾಡಿಯನ್ನು ಹಿಂದಿನ ದಿನ ಸಂಜೆಯೇ ಬಿಟ್ಟು ಬನ್ನಿ. ಒಂದನೇ ಸಿಲಿಂಡರ್ ಕಂಪ್ರೆಷನ್ ತುದಿಗೆ, ಅಂದರೆ ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ತೀರಾ ಮೇಲೆ, ಬಂದಾಗ ಅದರ ಎರಡು ವಾಲ್ವ್, ಆಮೇಲೆ ಕ್ರ್ಯಾಂಕ್ 240 ಡಿಗ್ರಿ ತಿರುಗಿಸಿ ಮೂರನೆಯದು, ಮತ್ತೆ 240 ತಿರುಗಿಸಿ ಎರಡನೆಯದು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಸ್ವಲ್ಪ ತಿರುಗಿಬಿಡುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಲೇಬೇಕು. ಅದನ್ನು ಬಿಟ್ಟವರೇ ಜಾಸ್ತಿ.

ಶಬ್ದವೇ ಇರಬಾರದು ಅಂತ ಟೈಟ್ ಮಾಡಿಸಬೇಡಿ ಅಂದೆನಲ್ಲ, ಕಾರಣ ಇದು. ವಾಲ್ವ್ ತನ್ನ ಸೀಟಿನ ಮೇಲೆ ಕೂತಾಗಲೇ ಅದರ ಬಿಸಿ ಹೆಡ್ಡಿಗೆ ಇಳಿಯುವುದು. ಗ್ಯಾಪ್ ತೀರಾ ಕಡಿಮೆ ಇದ್ದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಉರಿಯುವ ಗ್ಯಾಸ್ ಆ ಸಂದಿಯಲ್ಲಿ ನುಗ್ಗಿ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ತುಂಡಾಗುತ್ತದೆ. ಆಗ ಹೆಡ್ ಬಿಚ್ಚಲೇಬೇಕು. ಎಲ್‌ಪಿಜಿ ಗ್ಯಾಸಿನಲ್ಲಿ ಓಡುವ ಓಮ್ನಿ ಇರುವವರು ಇದನ್ನು ಇನ್ನೂ ಗಮನಿಸಬೇಕು. ಅವುಗಳಲ್ಲಿ ವಾಲ್ವ್ ಸೀಟ್ ಸವೆದು ಗ್ಯಾಪ್ ತಾನಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ. ಎಂಜಿನ್ ದಿನೇ ದಿನೇ ಸುಮ್ಮನಾಗುತ್ತಿದೆ ಅಂತ ಖುಷಿಪಡುತ್ತಿರುವಾಗಲೇ ಒಂದು ದಿನ ಏರು ಹತ್ತುವುದಿಲ್ಲ.

ಈಗ ಕೆಲಸದ ಕ್ರಮ. ಮೊದಲು ಡಿಪ್ ಸ್ಟಿಕ್, ಮುಚ್ಚಳ, ಎಕ್ಸಾಸ್ಟ್, ಪ್ಲಗ್. ಇದಕ್ಕೆ ಖರ್ಚು ಇಲ್ಲ. ಆಮೇಲೆ ಟ್ಯಾಪೆಟ್ ಕವರ್ ತೆಗೆದು ಸ್ಕ್ರೂ, ಕ್ಯಾಮ್, ರಾಕರ್, ಆಯಿಲ್ ಹರಿವು. ಬೇಕಾದರೆ ಹೊಸ ಸ್ಕ್ರೂ ನಟ್, ಸವೆದ ರಾಕರ್, ಕವರಿಗೆ ಹೊಸ ಗ್ಯಾಸ್ಕೆಟ್. ರಾಕರ್ ಶಾಫ್ಟ್ ಹೊರಗೆ ಬಂದರೆ ಒಳಗಿನ ತೂತುಗಳನ್ನು ತೆಳು ತಂತಿ ಹಾಕಿ ಸ್ವಚ್ಛ ಮಾಡಿಸಿ. ಮಾರುತಿ 800ರ ಎಂಜಿನ್ ಆದ್ದರಿಂದ ಸಾಮಾನಿಗೆ ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ತೊಂದರೆ ಇಲ್ಲ. ಪ್ರೆಶರ್ ಗೇಜ್ ಕಡಿಮೆ ತೋರಿಸಿದರೆ ಮಾತ್ರ ಕೆಳಗಿನ ಎಂಜಿನ್ ವಿಷಯ ಮಾತಾಡೋಣ.

ಗಾಡಿ ಇಟ್ಟುಕೊಳ್ಳುವುದೋ ಬಿಡುವುದೋ ಅಂತ ನೀವು ನೇರವಾಗಿ ಕೇಳಲಿಲ್ಲ, ಆದರೆ ಮನಸ್ಸಿನಲ್ಲಿ ಇರಬೇಕು. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 1998ರ ಗಾಡಿ ಅಂದರೆ 2013, 2018, 2023 ದಾಟಿದೆ, ಮುಂದಿನದು 2028. ಬಾಡಿಯ ತಳ ತುಕ್ಕು ಹಿಡಿಯದೆ ಗಟ್ಟಿ ಇದ್ದರೆ ಈ ಎಂಜಿನ್‌ಗೆ ಮೇಲಿನ ರಿಪೇರಿ ಮಾಡಿಸುವುದು ಖಂಡಿತ ಸರಿ. ತಳ ಹೋಗಿದ್ದರೆ ಲೆಕ್ಕ ಬೇರೆ. ಲಿಫ್ಟಿನಲ್ಲಿ ಎತ್ತಿದಾಗ ಅದನ್ನೂ ನೋಡಿಕೊಳ್ಳಿ.

ಹಾಲಿನ ಸೊಸೈಟಿಯ ಓಟ ನಿಲ್ಲಿಸಲು ಆಗುವುದಿಲ್ಲ, ಗೊತ್ತು. ವಾರಕ್ಕೆ ಒಂದು ಸಲ ಚೆರ್ಕಳ ಕಲ್ಲಡ್ಕ ರಸ್ತೆಯಲ್ಲಿ ಅಡ್ಕಸ್ಥಳದವರೆಗೆ ನಿಲ್ಲಿಸದೆ ಹೋಗಿ ಬನ್ನಿ. ಎಂಜಿನ್ ಅರ್ಧ ಗಂಟೆಯಾದರೂ ಚೆನ್ನಾಗಿ ಬಿಸಿಯಾಗಿರಲಿ. ಕೆಸರು ತೆಗೆಯಲು ಹೇಳಿದ ಆ ಎರಡು ಬದಲಾವಣೆ ಮುಗಿದ ಮೇಲೆ ಆಯಿಲನ್ನು ಕಿಲೋಮೀಟರ್ ನೋಡಿ ಬದಲಿಸಬೇಡಿ, ನಿಮ್ಮ ಓಟಕ್ಕೆ ಐದು ಸಾವಿರ ಆಗಲು ವರ್ಷವೇ ಬೇಕಾಗಬಹುದು. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಬದಲಿಸಿ. ಭಾನುವಾರ ಗುರುತು ಹಾಕಿದ ಜಾಗ, ಬೆಳಿಗ್ಗೆ ಶಬ್ದ ಅಡಗಲು ಹಿಡಿದ ಸಮಯ, ಡಿಪ್ ಸ್ಟಿಕ್‌ನ ವಾಸನೆ, ಈ ಮೂರನ್ನು ಬರೆದು ಕಳಿಸಿ. ಮುಂದೆ ಏನು ಬಿಚ್ಚಬೇಕು ಅಂತ ಆಗ ಹೇಳುತ್ತೇನೆ.